ಯಾಟ್‌ನಲ್ಲಿ ಫೋಟೊ ಪ್ರವಾಸ: ಸಂಜೆ ಐದಕ್ಕೆ ದೋಣಿ ಎಲ್ಲಿರುತ್ತದೆ ಅಂತ ಮೊದಲು ಕೇಳಿ

ದಾವಣಗೆರೆಯ ಗೆಳೆಯರೊಬ್ಬರು ಕೇಳಿದ್ದಾರೆ: ಕ್ಯಾಮೆರಾ ಹುಚ್ಚಿರುವ ನಾಲ್ಕೈದು ಜನ ಸೇರಿ ಒಂದು ವಾರ ಯಾಟ್, ಅಂದರೆ ಒಳಗೇ ಮಲಗಬಹುದಾದ ಹಾಯಿದೋಣಿ, ಬಾಡಿಗೆಗೆ ಹಿಡಿದು ದ್ವೀಪ ಸುತ್ತಬೇಕು, ಫೋಟೊನೇ ಮುಖ್ಯ, ಅಂಡಮಾನ್ ಸರಿಯೋ, ಥಾಯ್ಲೆಂಡ್ ಸರಿಯೋ, ಸೀಶೆಲ್ಸ್ ಸರಿಯೋ, ಯಾವ ತಿಂಗಳು ಹೋಗಬೇಕು, ಏನೇನು ಒಯ್ಯಬೇಕು, ಹೋಗಿ ಬಂದವರಿದ್ದರೆ ಹೇಳಿ ಅಂತ. ನಾನು ಚಿತ್ರದುರ್ಗದವನು. ಥಾಯ್ಲೆಂಡ್, ಸೀಶೆಲ್ಸ್ ಎರಡನ್ನೂ ದೋಣಿಯಿಂದಲೇ ನೋಡಿದ್ದೇನೆ. ಅಂಡಮಾನ್ ವಿಷಯ ಹರಿಹರದ ಗೆಳೆಯರೊಬ್ಬರು ಹೇಳಿದ್ದು. ಕ್ಯಾಮೆರಾ ಕಾಪಾಡುವ ವಿಷಯದಲ್ಲಿ ದಾವಣಗೆರೆಯ ಒಬ್ಬ ಮದುವೆ ಫೋಟೊಗ್ರಾಫರ್ ಕಲಿಸಿದ್ದು ಬಹಳ ಇದೆ. ಎಲ್ಲರದ್ದೂ ಸೇರಿಸಿ ಬರೆಯುತ್ತಿದ್ದೇನೆ.

ಏಜೆಂಟ್ ಹತ್ತಿರ ಮಾತಾಡುವಾಗ ಎಷ್ಟು ದ್ವೀಪ ತೋರಿಸುತ್ತೀರಿ ಅಂತ ಕೇಳಬೇಡಿ. ಬೆಳಿಗ್ಗೆ ಆರಕ್ಕೆ ದೋಣಿ ಎಲ್ಲಿರುತ್ತದೆ, ಸಂಜೆ ಐದಕ್ಕೆ ಎಲ್ಲಿ ಲಂಗರು ಹಾಕಿರುತ್ತದೆ, ಅದನ್ನು ಕೇಳಿ. ದಿನದಿನಕ್ಕೂ ಬರೆಸಿಕೊಳ್ಳಿ. ಫೋಟೊ ಪ್ರವಾಸದ ಪ್ಲಾನ್ ಅಂದರೆ ನಿಜಕ್ಕೂ ಇಷ್ಟೇ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಯಾಕಂದ್ರೆ ಹಾಯಿದೋಣಿ ನಿಧಾನ. ಆರು ನಾಟ್ ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಚಿತ್ರದುರ್ಗದಿಂದ ದಾವಣಗೆರೆಗೆ ಹೈವೇಯಲ್ಲಿ ಒಂದು ಗಂಟೆಯ ದಾರಿ, ಅದೇ ದೂರಕ್ಕೆ ಯಾಟ್‌ನಲ್ಲಿ ಐದು ಗಂಟೆ ಮೇಲೆ ಬೇಕು. ದಿನಕ್ಕೆ ಎರಡು ದ್ವೀಪ, ಮೂರು ದ್ವೀಪ ಅಂತ ಪಟ್ಟಿ ಕೊಡುವವರ ಜೊತೆ ಹೋದರೆ ಒಳ್ಳೆಯ ಬೆಳಕಿನ ಹೊತ್ತಲ್ಲಿ ನೀವು ನಡುಸಮುದ್ರದಲ್ಲಿರುತ್ತೀರಿ, ಸುತ್ತ ನೀರು ಬಿಟ್ಟು ಏನೂ ಇರುವುದಿಲ್ಲ.

ಬೆಳಕಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಮಭಾಜಕದ ಹತ್ತಿರ ಸೂರ್ಯ ನೆಟ್ಟಗೆ ಕೆಳಗಿಳಿಯುತ್ತಾನೆ, ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ. ದಿಗಂತಕ್ಕೆ ಆರು ಡಿಗ್ರಿ ಮೇಲೆ ಇದ್ದವನು ಇಪ್ಪತ್ನಾಲ್ಕು, ಇಪ್ಪತ್ತೈದು ನಿಮಿಷದಲ್ಲಿ ಮುಳುಗಿಬಿಡುತ್ತಾನೆ. ಯೂರೋಪಿನವರ ವಿಡಿಯೊ ನೋಡಿ ಗಂಟೆಗಟ್ಟಲೆ ಹೊಂಬಿಸಿಲು ಸಿಗುತ್ತದೆ ಅಂದುಕೊಂಡು ಹೋದರೆ ಜಾಗ ಹುಡುಕುವಷ್ಟರಲ್ಲಿ ಕತ್ತಲಾಗುತ್ತದೆ. ಅದಕ್ಕೇ ಸಂಜೆ ಶೂಟ್ ಮಾಡುವ ಜಾಗವನ್ನು ಮಧ್ಯಾಹ್ನವೇ ನೋಡಿಟ್ಟುಕೊಳ್ಳಬೇಕು. ಅಲ್ಲೇ ಲಂಗರು ಹಾಕಿರಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಹಾಗಂತ ನಡುಮಧ್ಯಾಹ್ನ ಕ್ಯಾಮೆರಾ ಒಳಗಿಡಬೇಡಿ. ನಮ್ಮೂರಲ್ಲಿ ಹನ್ನೆರಡರ ಬಿಸಿಲಲ್ಲಿ ಯಾರೂ ಫೋಟೊ ತೆಗೆಯುವುದಿಲ್ಲ, ಅಲ್ವಾ? ಲಗೂನ್‌ನಲ್ಲಿ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಲ್ಲಿ, ಉಲ್ಟಾ. ನೆತ್ತಿ ಮೇಲಿನ ಬಿಸಿಲು ನೀರಿನೊಳಗೆ ಇಳಿದು ಬಿಳಿ ಮರಳಿಗೆ ತಾಗಿ ವಾಪಸ್ ಬಂದಾಗಲೇ ಆ ಪಚ್ಚೆ ನೀಲಿ ಬಣ್ಣ ಸಿಗೋದು. ಲೆನ್ಸ್ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿ, ಮೆಲ್ಲಗೆ ತಿರುಗಿಸಿ ನೋಡಿ, ಹೊಳಪು ಹೋಗಿ ತಳದ ಹವಳ ಕಾಣುತ್ತದೆ. ತೀರಾ ವೈಡ್ ಲೆನ್ಸ್‌ಗೆ ಹಾಕಿದರೆ ಆಕಾಶ ಒಂದು ಕಡೆ ಕಪ್ಪು ಒಂದು ಕಡೆ ಬಿಳಿ ಆಗುತ್ತದೆ, ಅದೊಂದು ನೋಡಿಕೊಳ್ಳಿ.

ಇನ್ನು ಯಾವ ಜಾಗ ಅಂತ.

ಅಂಡಮಾನ್‌ಗೆ ಪಾಸ್‌ಪೋರ್ಟ್ ಬೇಡ, ಖರ್ಚು ಕಡಿಮೆ. ಆದರೆ ಗಡಿಯಾರ ಒಂದೇ ಆದರೂ ಸೂರ್ಯ ಬೇರೆ. ದಾವಣಗೆರೆ ಸುಮಾರು 76 ಡಿಗ್ರಿ ರೇಖಾಂಶದಲ್ಲಿದೆ, ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ, 93ರ ಹತ್ತಿರ. ನಮಗಿಂತ ಒಂದು ಗಂಟೆಗೂ ಜಾಸ್ತಿ ಮೊದಲೇ ಬೆಳಗಾಗುತ್ತದೆ, ಅಷ್ಟೇ ಬೇಗ ಸಂಜೆಯೂ ಆಗುತ್ತದೆ. ಡಿಸೆಂಬರ್‌ನಲ್ಲಿ ಐದರ ಆಸುಪಾಸಿಗೆ ಸೂರ್ಯ ಮುಳುಗಿರುತ್ತಾನೆ. ಹರಿಹರದ ಗೆಳೆಯರು ಹೇಳಿದ ಮುಖ್ಯ ಮಾತು ಇದೇ: ಅಲ್ಲಿ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದರೆ ದಿನ ಮುಗೀತು. ಇನ್ನೊಂದು, ಅಲ್ಲಿ ಎಷ್ಟೋ ದ್ವೀಪಗಳಲ್ಲಿ ರಾತ್ರಿ ತಂಗುವ ಹಾಗಿಲ್ಲ, ಬುಡಕಟ್ಟು ಮೀಸಲು ಪ್ರದೇಶದ ಕಡೆ ದೋಣಿ ಹೋಗುವ ಹಾಗಿಲ್ಲ, ಜಾರವಾ ಜನರ ಫೋಟೊ ತೆಗೆಯುವುದು ಅಪರಾಧ. ಈ ನಿಯಮ ಇರಲೇಬೇಕು ಅನ್ನುವವನು ನಾನು. ಆದರೆ ವಾರವಿಡೀ ದೋಣಿಯಲ್ಲೇ ಮಲಗಿ ಬೇಕಾದಲ್ಲಿ ಲಂಗರು ಹಾಕಿ ಶೂಟ್ ಮಾಡುವ ನಿಮ್ಮ ಯೋಚನೆಗೆ ಅಂಡಮಾನ್ ಅಷ್ಟು ಹೊಂದುವುದಿಲ್ಲ. ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನಲ್ಲಿ, ರೂಮ್ ಮಾಡಿ ದಿನದ ದೋಣಿಯಲ್ಲಿ ಹೋಗಿ ಬರುವುದು ಅಲ್ಲಿಗೆ ಸರಿ.

ಥಾಯ್ಲೆಂಡ್‌ನಲ್ಲಿ ಫುಕೆಟ್‌ನಿಂದ ಹೊರಟು ಫಾಂಗ್ ನ್ಗಾ ಕೊಲ್ಲಿ. ಸಮುದ್ರದಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡಗಳು, ಕೊ ಪನ್ಯಿ ಅನ್ನುವ ಕಂಬಗಳ ಮೇಲಿನ ಮೀನುಗಾರರ ಹಳ್ಳಿ. ಗುಡ್ಡಗಳ ನಡುವೆ ನೀರು ಶಾಂತ, ಹಾಗಾಗಿ ಮೊದಲ ಸಲ ದೋಣಿ ಹತ್ತುವವರಿಗೆ ಒಳ್ಳೆಯದು. ದಿನದ ಟೂರ್‌ನಲ್ಲಿ ಹೋದ ದಾವಣಗೆರೆಯ ಒಂದು ಗುಂಪಿಗೆ ಬೇಸರವಾಗಿತ್ತು. ಅವರ ಸ್ಪೀಡ್‌ಬೋಟ್ ಕೊ ತಪು ಅನ್ನುವ ಹೆಸರಾದ ಕಂಬದಂಥ ಬಂಡೆಯ ಮುಂದೆ ನಿಂತಿದ್ದು ಹನ್ನೊಂದರ ಮೇಲೆ, ಅದೇ ಹೊತ್ತಿಗೆ ಊರಿನ ಬೋಟುಗಳೆಲ್ಲ ಅಲ್ಲಿಗೇ ಬಂದಿದ್ದವು, ಪ್ರತಿ ಫ್ರೇಮಲ್ಲೂ ಜನ. ಯಾಟ್‌ನ ಲಾಭ ಇಲ್ಲೇ ಇರೋದು. ರಾತ್ರಿ ಕೊಲ್ಲಿಯೊಳಗೇ ಮಲಗಿದರೆ ಬೆಳಿಗ್ಗೆ ಮಂಜು ಗುಡ್ಡದ ಸಂದಿಯಲ್ಲಿ ಇರುವಾಗ, ಒಂದು ಬೋಟೂ ಬರುವ ಮೊದಲು, ಎರಡು ಗಂಟೆ ಪೂರ್ತಿ ನಿಮ್ಮದು. ನವೆಂಬರ್‌ನಿಂದ ಏಪ್ರಿಲ್ ಅಲ್ಲಿ ಒಳ್ಳೆಯ ಕಾಲ. ಮೇ ತಿಂಗಳಿಂದ ನೈಋತ್ಯ ಮುಂಗಾರು ಆ ಕರಾವಳಿಗೂ ಬಡಿಯುತ್ತದೆ. ಅದೇ ಕರಾವಳಿಯಾಚೆಯ ಸಿಮಿಲನ್ ದ್ವೀಪಗಳನ್ನಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇಡುತ್ತಾರೆ.

ಆದರೆ ಆರಿಸು ಅಂದರೆ ನಾನು ಆರಿಸೋದು ಸೀಶೆಲ್ಸ್. ಖರ್ಚು ಜಾಸ್ತಿ, ದುಬೈನಂಥ ಕಡೆ ವಿಮಾನ ಬದಲಿಸಬೇಕು, ಅದೆಲ್ಲ ಇದೆ. ಆದರೂ ನಮ್ಮ ದುರ್ಗದ ಕಣ್ಣಿಗೆ ಆ ದ್ವೀಪಗಳು ಬೇರೆಯೇ ರೀತಿ ಹಿಡಿಸುತ್ತವೆ. ಸಾಮಾನ್ಯವಾಗಿ ನಡುಸಮುದ್ರದ ದ್ವೀಪಗಳು ಜ್ವಾಲಾಮುಖಿಯವು ಇಲ್ಲಾ ಹವಳದವು. ಸೀಶೆಲ್ಸ್‌ನ ಮಾಹೆ, ಪ್ರಾಲಾ (Praslin), ಲಾ ಡಿಗ್ ದ್ವೀಪಗಳು ಹಾಗಲ್ಲ, ಗ್ರಾನೈಟ್. ಸುಮಾರು 75 ಕೋಟಿ ವರ್ಷದ ಕಲ್ಲು. ಆ ನೆಲ ಒಂದು ಕಾಲಕ್ಕೆ ನಮ್ಮ ಭೂಭಾಗಕ್ಕೇ ಅಂಟಿಕೊಂಡಿತ್ತು, ಆರೂವರೆ ಕೋಟಿ ವರ್ಷದ ಹಿಂದೆ ಆಸುಪಾಸಿಗೆ, ದಖನ್‌ನಲ್ಲಿ ಲಾವಾ ಹರಿಯುತ್ತಿದ್ದ ಕಾಲಕ್ಕೆ ಬಿಟ್ಟುಹೋಯಿತು. ಕೋಟೆ ಹತ್ತುವಾಗ, ಚಂದ್ರವಳ್ಳಿಯ ಕಡೆ ತಿರುಗುವಾಗ ನಾವು ನೋಡುವ ಉರುಟು ಬಂಡೆಗಳಿವೆಯಲ್ಲ, ಅಂಥವು ಅಲ್ಲಿ ಬಿಳಿ ಮರಳಲ್ಲಿ, ಹಸಿರು ನೀರಲ್ಲಿ ನಿಂತಿವೆ, ಮೈಮೇಲೆ ಮಳೆ ನೀರು ಕೊರೆದ ಉದ್ದುದ್ದ ಗೀರು. ಬಂಡೆಗೆ ಅಡ್ಡ ಬೆಳಕು ಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಲಾ ಡಿಗ್‌ನ ಆನ್ಸ್ ಸೂರ್ಸ್ ದಾರ್ಜಾನ್ ಅನ್ನುವ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ. ಅಂದರೆ ಸಂಜೆ ಜಾಗ. ಎದುರಿಗೆ ಹವಳದ ದಿಬ್ಬ ಇರುವುದರಿಂದ ಒಳಗೆ ನೀರು ಆಳವಿಲ್ಲ, ಅಲೆಯಿಲ್ಲ. ಭರತ ಏರಿದಾಗ ಮರಳಿನ ಪಟ್ಟಿ ಬಹುಪಾಲು ಮುಳುಗುತ್ತದೆ. ಹಾಗಾಗಿ ಸಂಜೆ ಹೊತ್ತಿಗೆ ಇಳಿತ ಬೀಳುವ ದಿನವನ್ನೇ ಲಾ ಡಿಗ್‌ಗೆ ಇಟ್ಟುಕೊಳ್ಳಬೇಕು. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ವಾರದಲ್ಲಿ ಯಾವ ದಿನ ಎಲ್ಲಿ ಅಂತ ಟೈಡ್ ಟೇಬಲ್ ಮುಂದಿಟ್ಟುಕೊಂಡು ಮನೆಯಲ್ಲೇ ಲೆಕ್ಕ ಹಾಕಬಹುದು. ಸುಮ್ನೆ ಹೋಗಿ ನೋಡೋಣ ಅನ್ನಬೇಡಿ. ಆ ಬೀಚಿಗೆ ಒಂದು ಎಸ್ಟೇಟ್ ಒಳಗಿಂದ ಟಿಕೆಟ್ ತೆಗೆದು ಹೋಗಬೇಕು, ಗೇಟು ಮುಚ್ಚುವ ಸಮಯವನ್ನು ಮೊದಲೇ ಕೇಳಿಕೊಳ್ಳಿ. ಬೆಳಗಿನ ಬೆಳಕಿಗೆ ಅದೇ ದ್ವೀಪದ ಇನ್ನೊಂದು ಮಗ್ಗುಲಿನ ಗ್ರಾಂಡ್ ಆನ್ಸ್ ಇದೆ. ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಸಾಕು. ಅಲ್ಲಿ ಸೆಳೆತ ಜೋರು, ಕಾಲು ನೆನೆಸುವುದಕ್ಕೂ ಹುಷಾರು.

ಹಕ್ಕಿ ಹಿಂದೆ ಹೋಗುವವರು ನಿಮ್ಮಲ್ಲಿ ಇದ್ದರೆ ಕಸಿನ್ ದ್ವೀಪಕ್ಕೆ ಒಂದು ಬೆಳಿಗ್ಗೆ ಮೀಸಲಿಡಿ. ನಿಮ್ಮ ದೋಣಿಯನ್ನು ದಡಕ್ಕೆ ಬಿಡುವುದಿಲ್ಲ, ಇಲಿಯೋ ಕೀಟವೋ ಬಂದುಬಿಟ್ಟರೆ ಅಂತ ಅಲ್ಲಿನವರೇ ತಮ್ಮ ದೋಣಿಯಲ್ಲಿ ಬಂದು ಕರೆದುಕೊಂಡು ಹೋಗುತ್ತಾರೆ. ಫೇರಿ ಟರ್ನ್ ಅನ್ನುವ ಬೆಳ್ಳನೆಯ ಹಕ್ಕಿ ಗೂಡೇ ಕಟ್ಟದೆ ಬರೀ ಕೊಂಬೆಯ ಮೇಲೆ ಮೊಟ್ಟೆ ಇಟ್ಟು ಕಾವು ಕೊಡುತ್ತದೆ, ಕೈಗೆಟುಕುವಷ್ಟು ಹತ್ತಿರ ಕೂತಿರುತ್ತದೆ. 70-200 ಮಿ.ಮೀ. ಲೆನ್ಸ್ ಬೇಕಾದಷ್ಟಾಯಿತು. ದೊಡ್ಡ ಲೆನ್ಸ್ ಹೊತ್ತು ಹೋಗಬೇಡಿ. ಪಕ್ಕದ ಕ್ಯೂರಿಯೂಸ್ ದ್ವೀಪದಲ್ಲಿ ದೈತ್ಯ ಆಮೆಗಳು ಆರಾಮಾಗಿ ಅಡ್ಡಾಡುತ್ತವೆ, ಅವನ್ನು ಮಂಡಿಯೂರಿ ಕೆಳಗಿನಿಂದ ತೆಗೆಯಿರಿ.

ತಿಂಗಳು: ಏಪ್ರಿಲ್ ಇಲ್ಲಾ ಅಕ್ಟೋಬರ್ ಕೊನೆಯಿಂದ ನವೆಂಬರ್ ಶುರುವಿನವರೆಗೆ. ಮೇನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯದ ಗಾಳಿ ಬಿಡದೆ ಬೀಸುತ್ತದೆ. ಅದೇ ಗಾಳಿ ಸಮಭಾಜಕ ದಾಟಿ ತಿರುಗಿ ನಮಗೆ ಮುಂಗಾರಾಗಿ ಬರೋದು. ಡಿಸೆಂಬರ್‌ನಿಂದ ಮಾರ್ಚ್ ವಾಯವ್ಯದ ಗಾಳಿ, ಮಳೆ. ಗಾಳಿ ದಿಕ್ಕು ಬದಲಿಸುವ ಆ ನಡುವಿನ ಕಾಲದಲ್ಲಿ ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ನಿಮಗೆ ದೀಪಾವಳಿ ರಜೆ ಹೊಂದಬಹುದು. ಆಗ ಅಮಾವಾಸ್ಯೆಯೂ ಇರುತ್ತದೆ, ನಕ್ಷತ್ರ ತೆಗೆಯುವ ಆಸೆಯಿದ್ದರೆ ಒಳ್ಳೆಯದೇ. ಆದರೆ ನಕ್ಷತ್ರವನ್ನು ದಡದಿಂದಲೇ ತೆಗೆಯಬೇಕು. ಲಂಗರು ಹಾಕಿದ ದೋಣಿಯೂ ಓಲಾಡುತ್ತಲೇ ಇರುತ್ತದೆ, ಟ್ರೈಪಾಡ್ ಇಟ್ಟು ಪ್ರಯೋಜನವಿಲ್ಲ.

ದೋಣಿ ಯಾವುದು ಅಂದರೆ ಕಟಮರಾನ್, ಎರಡನೇ ಮಾತಿಲ್ಲ. ಎರಡು ಹೊಟ್ಟೆಯ ದೋಣಿ ಒಂದು ಮಗ್ಗುಲಿಗೆ ವಾಲುವುದಿಲ್ಲ, ಮುಂದೆ ಬಲೆಯ ಮೇಲೆ ಮಲಗಿ ಶೂಟ್ ಮಾಡಬಹುದು, ಕಡಿಮೆ ಆಳದ ನೀರಿಗೂ ಹೋಗುತ್ತದೆ. ನಾವಿಕನ ಸಮೇತ ತೆಗೆದುಕೊಳ್ಳಿ. ಕಂಪನಿಗಿಂತ ಆ ನಾವಿಕನ ಜೊತೆ ಮೊದಲೇ ವಿಡಿಯೊ ಕಾಲ್‌ನಲ್ಲಿ ಮಾತಾಡಿ. ನಮಗೆ ಸ್ನಾರ್ಕೆಲಿಂಗ್ ಬೇಡ, ಪಾರ್ಟಿ ಬೇಡ, ಬೆಳಿಗ್ಗೆ ಐದೂವರೆಗೆ ಡಿಂಗಿ (ದಡಕ್ಕೆ ಹೋಗುವ ಸಣ್ಣ ದೋಣಿ) ಇಳಿಸಬೇಕು, ಸಂಜೆ ಕತ್ತಲಾದ ಮೇಲೆ ವಾಪಸ್ ಕರೆದುಕೊಳ್ಳಬೇಕು, ಆಗುತ್ತಾ ಅಂತ ನೇರವಾಗಿ ಕೇಳಿ. ಥಾಯ್ಲೆಂಡ್‌ನಲ್ಲಿ ನಾನು ಹೋದ ದೋಣಿಯಲ್ಲಿ ಬೇರೆಯವರೂ ಇದ್ದರು. ಅವರಿಗೆ ಈಜು, ಊಟ, ಮುಂದಿನ ಬೀಚ್. ಅದು ತಪ್ಪಲ್ಲ, ಆದರೆ ಬೆಳಕು ಬಂದಾಗಲೆಲ್ಲ ದೋಣಿ ಹೊರಡುತ್ತಿತ್ತು. ಹಾಗಾಗಿ ಪೂರ್ತಿ ದೋಣಿ ನಿಮ್ಮದೇ ಇರಲಿ, ಹತ್ತುವವರೆಲ್ಲ ಫೋಟೊದವರೇ ಇರಲಿ. ಮನೆಯವರನ್ನು ಕರೆದುಕೊಂಡು ಹೋಗುವ ಆಸೆಯಿದ್ದರೆ ಅದನ್ನು ಬೇರೆ ಪ್ರವಾಸ ಮಾಡಿ, ಅವರಿಗೂ ಅದರಿಂದ ಸುಖ.

ಕ್ಯಾಮೆರಾ ವಿಷಯದಲ್ಲಿ ಮದುವೆ ಫೋಟೊಗ್ರಾಫರ್ ಗೆಳೆಯರ ಮಾತು: ನಾವು ಒಣ ಸೀಮೆಯವರು, ತೇವ ಏನು ಮಾಡುತ್ತದೆ ಅಂತ ನಮಗೆ ಅಂದಾಜಿಲ್ಲ. ಎಸಿ ಕ್ಯಾಬಿನ್‌ನಲ್ಲಿ ರಾತ್ರಿಯಿಡೀ ಇದ್ದ ಕ್ಯಾಮೆರಾವನ್ನು ಬೆಳಿಗ್ಗೆ ಹೊರಗೆ ತಂದರೆ ಲೆನ್ಸ್ ಪೂರ್ತಿ ಮಂಜು ಹಿಡಿಯುತ್ತದೆ, ಒರೆಸಿದರೂ ಮತ್ತೆ ಹಿಡಿಯುತ್ತದೆ, ಅಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ. ಬ್ಯಾಗನ್ನು ಎಸಿ ಇಲ್ಲದ ಜಾಗದಲ್ಲಿ, ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಉಪ್ಪಿನ ಹನಿ ಬಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಹರಳು ಗೀರುತ್ತದೆ. ಸಿಹಿನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು ಆಮೇಲೆ ಒಣಗಿಸಿ. ಡೆಕ್ ಮೇಲೆ ಲೆನ್ಸ್ ಬದಲಿಸಬೇಡಿ, ಎರಡು ಕ್ಯಾಮೆರಾ ಬಾಡಿ ಒಯ್ಯಿರಿ. ಕ್ಯಾಮೆರಾ ನೀರಿಗೆ ಬೀಳೋದು ಯಾಟ್‌ನಲ್ಲಿ ಅಲ್ಲ, ಡಿಂಗಿಯಿಂದ ದಡಕ್ಕೆ ಹಾರುವ ಆ ಕ್ಷಣದಲ್ಲಿ. ಡ್ರೈ ಬ್ಯಾಗ್ ಇಲ್ಲದೆ ಯಾರೂ ಇಳಿಯಬಾರದು.

ಸಣ್ಣಪುಟ್ಟವು: ಬಿಳಿ ಮರಳಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ. ಓಡುವ ದೋಣಿಯಿಂದ ಶಟರ್ ವೇಗ 1/1000 ಸೆಕೆಂಡಿಗಿಂತ ಚುರುಕಾಗಿರಲಿ. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ. ಡ್ರೋನ್‌ಗೆ ಮೂರೂ ಕಡೆ ಮೊದಲೇ ಅನುಮತಿ ಬೇಕು, ಕಾಗದ ಸಿಗದಿದ್ದರೆ ಮನೆಯಲ್ಲೇ ಬಿಡಿ. ಸೀಶೆಲ್ಸ್‌ಗೆ ವೀಸಾ ಬೇಡ, ಆದರೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪ್ರವಾಸದ ಅನುಮತಿ ಪಡೆಯಬೇಕು. ದುಬಾರಿ ಕ್ಯಾಮೆರಾ ಇರುವವರು ಹೋಗುವಾಗಲೇ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ತಕರಾರು ಇರುವುದಿಲ್ಲ.

ಸಮುದ್ರದ ತಲೆಸುತ್ತು ಕ್ಯಾಮೆರಾದವರಿಗೇ ಜಾಸ್ತಿ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಕೂತರೆ ಹೊಟ್ಟೆ ತೊಳಸುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ದೋಣಿ ಹೊರಡುವ ಮುಂಚೆಯೇ ತೆಗೆದುಕೊಳ್ಳಿ, ಶುರುವಾದ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಎಲ್ಲರೂ ಒಮ್ಮೆ ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬನ್ನಿ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ದೋಣಿ ಇರುತ್ತದೆ. ಅಲ್ಲಿನ ಕಂಬದಂಥ ಕಲ್ಲುಗಳೂ ನೋಡುವಂಥವೇ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ಅದು. ಅಲೆ ಮೇಲೆ ಯಾರ ಹೊಟ್ಟೆ ತಡೆಯುತ್ತದೆ, ಓಲಾಡುತ್ತಾ ಯಾರು ನೇರ ದಿಗಂತ ಹಿಡಿಯುತ್ತಾರೆ, ಅಲ್ಲೇ ಗೊತ್ತಾಗುತ್ತದೆ. ಅಷ್ಟು ದೂರ ಆಗದಿದ್ದರೆ ಸೂಳೆಕೆರೆಯಲ್ಲಾದರೂ ತೆಪ್ಪದಲ್ಲಿ ಕೂತು, ಕೇಳಿಕೊಂಡು, ಲೈಫ್ ಜಾಕೆಟ್ ಹಾಕಿಕೊಂಡು, ಕೊಕ್ಕರೆಗಳ ಫೋಟೊ ತೆಗೆದು ಅಭ್ಯಾಸ ಮಾಡಿ.

ನೀವು ಎಷ್ಟು ಜನ, ಯಾವ ತಿಂಗಳು ಅಂತ ತಿಳಿಸಿದರೆ ಆ ವಾರದ ಭರತ ಇಳಿತ, ಚಂದ್ರ ಹುಟ್ಟುವ ಹೊತ್ತು ನೋಡಿ ಯಾವ ರಾತ್ರಿ ಎಲ್ಲಿ ಲಂಗರು ಹಾಕಬಹುದು ಅಂತ ಒಂದು ಕರಡು ಮಾಡಿಕೊಡುತ್ತೇನೆ. ಮಾಲ್ಡೀವ್ಸ್ ಅಥವಾ ಇಂಡೋನೇಷ್ಯಾದ ಕೊಮೊಡೊ ಕಡೆ ದೋಣಿಯಲ್ಲಿ ಹೋದವರು ನಮ್ಮ ಜಿಲ್ಲೆಗಳಲ್ಲಿ ಇದ್ದರೆ ನೀವೂ ಬರೆಯಿರಿ.