ಅಪ್‌ಡೇಟ್: ಹೋಟೆಲ್ ವೈಫೈ ಲಾಗಿನ್ ಪುಟ ಕೊನೆಗೂ ಬಂತು

ಸಮಾವೇಶ ನಡೆಯುವ ಹೋಟೆಲಿನಲ್ಲಿ ಸಿಗ್ನಲ್ ಪೂರ್ತಿ ಇದ್ದರೂ ಲ್ಯಾಪ್‌ಟಾಪಿನಲ್ಲಿ ರೂಮ್ ನಂಬರ್ ಕೇಳುವ ಪುಟವೇ ತೆರೆಯುತ್ತಿಲ್ಲ ಅಂತ ಕೇಳಿದ್ದೆನಲ್ಲ, ಬಗೆಹರಿಯಿತು.

ಕೈಹಿಡಿದದ್ದು ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಲಹೆ. ಲ್ಯಾಪ್‌ಟಾಪಿನಲ್ಲಿ ಗೂಗಲ್‌ನ ಡಿಎನ್‌ಎಸ್ 8.8.8.8 ಅಂತ ಖಾಯಂ ಹಾಕಿತ್ತು. ಲಾಗಿನ್ ಆಗುವ ತನಕ ಹೋಟೆಲಿನ ಗೇಟ್‌ವೇ (ವೈಫೈಯನ್ನು ಇಂಟರ್ನೆಟ್‌ಗೆ ಜೋಡಿಸುವ ಸಾಧನ) ಹೊರಗಿನ ಡಿಎನ್‌ಎಸ್ ಬಿಡುವುದಿಲ್ಲ, ಹಾಗಾಗಿ ಯಾವ ಸೈಟಿನ ವಿಳಾಸವೂ ಸಿಗುತ್ತಿರಲಿಲ್ಲ. ಅದನ್ನು ಆಟೋಮ್ಯಾಟಿಕ್‌ಗೆ ಬದಲಿಸಿ, ವಿಪಿಎನ್ ಆಫ್ ಮಾಡಿ, ಬ್ರೌಸರಿನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆದ ಕೂಡಲೇ ಪುಟ ಬಂತು. ಬೇರೆ ಸೈಟ್ ಯಾಕಾಗದು ಅಂದರೆ, ಈ ಸೈಟಿನಲ್ಲಿ ಎಚ್‌ಟಿಟಿಪಿಎಸ್ (ಗೂಢಲಿಪಿ ಸಂಪರ್ಕ) ಇಲ್ಲ, ಬೇರೆ ಹೆಚ್ಚಿನವುಗಳಲ್ಲಿ ಇದೆ; ಅಂಥ ಸಂಪರ್ಕವನ್ನು ಗೇಟ್‌ವೇ ನಡುವೆ ತಡೆದು ಲಾಗಿನ್ ಪುಟಕ್ಕೆ ತಿರುಗಿಸಲು ಹೋದರೆ ಬರೀ ಸರ್ಟಿಫಿಕೇಟ್ ಎಚ್ಚರಿಕೆ ಕಾಣುತ್ತದೆ. ಲಾಗಿನ್ ಆದ ಮೇಲೆ ವಿಪಿಎನ್ ಮತ್ತೆ ಆನ್ ಮಾಡಿಕೊಳ್ಳಿ, ಆಫೀಸ್ ಕೆಲಸ ತಾನೆ!

ನೆಟ್‌ವರ್ಕ್ ಫರ್ಗೆಟ್ ಮಾಡಿ ಮತ್ತೆ ಸೇರಿದ್ದು, ಕುಕೀ ಅಳಿಸಿದ್ದು, ಎರಡರಿಂದಲೂ ಏನೂ ಆಗಲಿಲ್ಲ.

ನಿರೀಕ್ಷಿಸದ ಇನ್ನೊಂದು ವಿಷಯ ಫೋನಿನದು. ಅದರ ಪ್ರೈವೇಟ್ ವೈಫೈ ವಿಳಾಸ (ನಿಜವಾದ ಗುರುತಿನ ಬದಲು ಫೋನ್ ನೆಟ್‌ವರ್ಕ್‌ಗೆ ತೋರಿಸುವ ವಿಳಾಸ) ಬದಲಾದಾಗ ಗೇಟ್‌ವೇಗೆ ಅದು ಹೊಸ ಸಾಧನ. ಮತ್ತೆ ಲಾಗಿನ್ ಕೇಳುತ್ತದೆ, ರೂಮಿಗಿಷ್ಟೇ ಸಾಧನ ಅನ್ನುವ ಮಿತಿಯೂ ಸುಮ್ಮನೆ ಖರ್ಚಾಗುತ್ತದೆ. ಐಫೋನಿನಲ್ಲಾದರೆ ಆ ನೆಟ್‌ವರ್ಕ್‌ನ ಸೆಟ್ಟಿಂಗ್‌ನಲ್ಲಿ 'ರೊಟೇಟಿಂಗ್' ಬದಲು 'ಫಿಕ್ಸ್‌ಡ್' ಆರಿಸಿದರೆ ಸಾಕು.