ಪುಟವೆಲ್ಲ ಹಳದಿ ಬಳಿದರೂ ತಲೆಗೆ ಹತ್ತುತ್ತಿಲ್ಲ

ಪ್ರಶ್ನೆ: ಮೇಡಂ, ನಾನು ಎಂಎ ಇಂಗ್ಲಿಷ್ ಮೊದಲ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ರಬಂಧ ಓದುವಾಗ ಗೊತ್ತಿಲ್ಲದ ಪದಕ್ಕೆಲ್ಲ ಮೊಬೈಲಿನಲ್ಲಿ ಅರ್ಥ ನೋಡಿ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ, ಮುಖ್ಯ ಅನಿಸಿದ್ದಕ್ಕೆ ಹೈಲೈಟರ್ ಹಾಕಿ ಮತ್ತೆರಡು ಸಲ ಓದುತ್ತೇನೆ. ಹತ್ತು ಪುಟಕ್ಕೆ ಒಂದು ಸಂಜೆ ಹೋಗುತ್ತದೆ. ಮರುದಿನ ಕ್ಲಾಸಲ್ಲಿ ಕೇಳಿದರೆ ಒಂದೂ ನೆನಪಿಗೆ ಬರುವುದಿಲ್ಲ. ನನ್ನ ಇಂಗ್ಲಿಷೇ ಸರಿಯಿಲ್ಲವಾ?

ಉತ್ತರ: ಇಂಗ್ಲಿಷ್ ಮೇಲೆ ಯಾಕೆ ತಪ್ಪು ಹಾಕುತ್ತೀರಿ? ಮೊದಲು ಹೈಲೈಟರ್ ಎತ್ತಿಡಿ. 2013ರಲ್ಲಿ ಡನ್ಲೊಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿಗೆ ಹೋದವು, ನಮಗೆ ನಾವೇ ಪರೀಕ್ಷೆ ಕೊಟ್ಟುಕೊಳ್ಳುವುದು ಮೇಲೆ ಬಂತು.

ಒಂದು ಪ್ಯಾರಾ ಓದಿ. ಪುಸ್ತಕ ಮುಚ್ಚಿ. ಅದು ಏನು ಹೇಳಿತು ಅಂತ ಒಂದು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಯಾರೂ ಬೈಯುವುದಿಲ್ಲ. ಆಮೇಲೆ ಆ ಪ್ಯಾರಾ ಅಲ್ಲಿ ಯಾಕಿದೆ ಅಂತ ಎರಡು ಪದ: ‘ಉದಾಹರಣೆ’, ‘ಎದುರಿನವರ ವಾದ’, ‘ಇಲ್ಲಿ ತಿರುಗಿದ’. ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಕಾಣುವ ತಪ್ಪು ಇದೇ. ಲೇಖಕ ಒಂದು ಪುಟ ಪೂರ್ತಿ ಬೇರೆಯವರ ಮಾತು ಹೇಳಿ, ‘ಹೌಎವರ್’ ಅಂತ ಶುರು ಮಾಡಿ ಅದನ್ನು ಹೊಡೆದುಹಾಕಿರುತ್ತಾನೆ. ನಮ್ಮವರು ಹಳದಿ ಬಳಿದಿರುವುದು ಆ ಮೊದಲ ಪುಟಕ್ಕೆ!

ಪ್ರಶ್ನೆ: ಹಾಗಾದರೆ ಅರ್ಥ ನೋಡುವುದೇ ಬೇಡವಾ? ಎಸ್‌ಕ್ಯು3ಆರ್ ಅನ್ನುವ ಓದುವ ವಿಧಾನ ಮಾಡಿ ಅಂತಲೂ ಒಬ್ಬರು ಹೇಳಿದ್ದರು.

ಉತ್ತರ: ಅರ್ಥ ನೋಡಿ, ಆದರೆ ಪ್ಯಾರಾ ಮುಗಿದ ಮೇಲೆ. ಕಷ್ಟದ ಪದಕ್ಕಿಂತ ಸುಲಭದ ಪದವೇ ಜಾಸ್ತಿ ಮೋಸ ಮಾಡುತ್ತದೆ. ಹಳೆಯ ಗದ್ಯದಲ್ಲಿ ‘ವಾಂಟ್ ಆಫ್ ಮನಿ’ ಅಂದರೆ ದುಡ್ಡು ಬೇಕು ಅಂತಲ್ಲ, ದುಡ್ಡಿನ ಕೊರತೆ. ‘ವಾಂಟ್’ ಗೊತ್ತಲ್ವಾ ಅಂತ ಮೊಬೈಲ್ ಮುಟ್ಟುವುದೇ ಇಲ್ಲ.

ಎಸ್‌ಕ್ಯು3ಆರ್ ಅನ್ನು ರಾಬಿನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1946ರಲ್ಲಿ ಹೇಳಿದ್ದು. ಮೊದಲು ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ನೋಡದೆ ಹೇಳು, ಮತ್ತೆ ತಿರುವಿಹಾಕು. ತಲೆಬರಹಗಳಿರುವ ಪಠ್ಯಪುಸ್ತಕಕ್ಕೆ ಚೆನ್ನಾಗಿ ಒಗ್ಗುತ್ತದೆ, ಭಾಷಾಶಾಸ್ತ್ರದ ಪೇಪರಿಗೆ ಹಾಗೇ ಬಳಸಿ. ತಲೆಬರಹವೇ ಇಲ್ಲದ ಪ್ರಬಂಧದಲ್ಲಿ ಕಣ್ಣಾಡಿಸಿ ಏನು ಸಿಗುತ್ತದೆ? ಅಲ್ಲಿ ಮೊದಲ ಮತ್ತು ಕೊನೆಯ ಪ್ಯಾರಾ ಓದಿ, ಇವನು ಇಲ್ಲಿಂದ ಅಲ್ಲಿಗೆ ಹೇಗೆ ಹೋದ ಅಂತ ಕೇಳಿಕೊಳ್ಳಿ. ಪದ್ಯಕ್ಕೆ ಇದ್ಯಾವುದೂ ಬೇಡ, ಎರಡು ಸಲ ಗಟ್ಟಿಯಾಗಿ ಓದಿ.

ಪ್ರಶ್ನೆ: ನಾಳೆಯ ಪಾಠದ ಎರಡು ಪ್ಯಾರಾ ಮಾಡಿದೆ ಮೇಡಂ. ಎರಡನೆಯದಕ್ಕೆ ‘ಇದು ಅವನ ಸ್ವಂತ ಮಾತಲ್ಲ’ ಅಂತ ಬರೆದಿದ್ದೇನೆ. ಸರಿನಾ?

ಉತ್ತರ: ಮೂರನೆಯದು ಓದಿ, ನಿಮಗೇ ಗೊತ್ತಾಗುತ್ತದೆ.