ಸಹಾಯ ಬೇಕು: ಗಿಟಾರ್ ಸೈಡ್ ಬಗ್ಗಿಸೋವಾಗ ಸೊಂಟದ ಹತ್ರಾನೇ ಸೀಳ್ತಾ ಐತೆ

ಎಲ್ರಿಗೂ ನಮಸ್ಕಾರ. ದಾವಣಗೆರೆ ವಿನೋಬನಗರದಾಗೆ ಮನೆ ಹಿಂದಿನ ಶೀಟ್ ಶೆಡ್ಡಲ್ಲಿ ನಾಕು ತಿಂಗ್ಳಿಂದ ಕೈಯಲ್ಲೇ ಒಂದು ಅಕೌಸ್ಟಿಕ್ ಗಿಟಾರ್ ಮಾಡ್ತಾ ಇದೀನಿ. ನೆಕ್ ಮುಗೀತು, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಲೆಕ್ಕಾನೂ ಸರಿ ಬಂತು, ಸ್ಕೇಲ್ ಅಂದ್ರೆ ತಂತಿ ಮಿಡಿಯೋ ಉದ್ದ 648 ಎಂಎಂ, 12ನೇ ಫ್ರೆಟ್ ಕರೆಕ್ಟಾಗಿ 324ಕ್ಕೆ.

ತೊಂದ್ರೆ ಸೈಡಿಂದು, ಅಂದ್ರೆ ಗಿಟಾರ್ ಡಬ್ಬದ ಸುತ್ತ ಬರೋ ತೆಳು ಹಲಗೇದು. ಹಳೇ ಮನೆ ಬಾಗಿಲಿನ ಬೀಟೆ ಹಲಗೆ ಕುಯ್ಸಿದ್ದೆ, ಅದನ್ನ ಅರ್ಧ ಗಂಟೆ ನೆನೆಸಿ, ಎರಡಿಂಚಿನ ಕಬ್ಬಿಣದ ಪೈಪೊಳಗೆ ಬ್ಲೋ ಟಾರ್ಚ್ ಬಿಟ್ಟು ನೀರಿನ ಹನಿ ಚುಂಯ್ ಅಂತ ಕುಣಿಯೋವಷ್ಟು ಕಾಯಿಸಿ ಒತ್ತಿದ್ರೆ ಕೆಳಗಿನ ಅಗಲದ ತಿರುವು ಬೆಣ್ಣೆ ಥರ ಬಗ್ಗತ್ತೆ, ಆದ್ರೆ ಸೊಂಟಕ್ಕೆ (ನಡುವೆ ಒಳಕ್ಕೆ ಬಾಗೋ ಜಾಗ) ಬಂದ ತಕ್ಷಣ ಚಿಟ್ ಅಂತ ಸೌಂಡು, ಪೈಪಿಗೆ ತಾಗದ ಕಡೆ ನಾರು ಎದ್ದು ಬಂದಿರ್ತದೆ. ಎರಡು ಪೀಸ್ ಹೋಯ್ತು. ಉಳಿದಿರೋದು ಎರಡೇ!

ಕ್ಯಾಲಿಪರ್ ಹಾಕಿದ್ರೆ ಉಳಿದ ಕಡೆ 2.1, ಸೊಂಟದಲ್ಲಿ 2.6 ಎಂಎಂ ಐತೆ. ಉಜ್ಜುಗೊರಡು ಹಿಡಿಯೋದ್ರಲ್ಲಿ ನಂದು ಅಷ್ಟಕ್ಕಷ್ಟೇ. ಇದೇ ಕಾರಣಾನಾ, ಇಲ್ಲಾ ಬಾಗಿಲು ಬಿಸ್ಲಲ್ಲಿ ಒಣಗಿ ಒಣಗಿ ಮರ ಬರಡಾಗೈತಾ? ಹಲಗೆ ಹಿಂಭಾಗಕ್ಕೆ ತೆಳು ಸ್ಟೀಲ್ ಪಟ್ಟಿ ಕೊಟ್ಟು ಬಗ್ಗಿಸ್ದೋರು ಯಾರಾದ್ರೂ ಇದೀರಾ?

ಇನ್ನೊಂದು, ಟಾಪಿಗೆ (ಮುಂದಿನ ಹಲಗೆ) ಬ್ರೇಸ್, ಅಂದ್ರೆ ಒಳಗಡೆ ಆಸರೆ ಕೊಡೋ ಮರದ ಪಟ್ಟಿ ಅಂಟಿಸ್ಬೇಕು. ಮಳೆಗಾಲದಲ್ಲಿ ಅಂಟಿಸಿದ್ರೆ ಬೇಸಿಗೇಲಿ ಕುಗ್ಗಿ ಬಿರುಕು ಬಿಡುತ್ತೆ ಅಂತ ಗೊತ್ತು, ಆದ್ರೆ ಈಗ ಮಧ್ಯಾಹ್ನ ಶೆಡ್ಡಲ್ಲಿ ಗಾಳಿ ತೇವಾಂಶ 28% ತೋರಿಸ್ತಾ ಐತೆ, ಬೇಕಿರೋದು 45ರ ಆಸುಪಾಸು. ಒದ್ದೆ ಗೋಣಿಚೀಲ ನೇತಾಕಿ ನೋಡ್ಲಾ? ಮನೇಲಿ ಆಗ್ಲೇ ಮಂಡಕ್ಕಿ ಮೆತ್ತಗಾಗುತ್ತೆ ಅಂತ ಬೈತಾವ್ರೆ.

ದಾವಣಗೆರೆ, ಚಿತ್ರದುರ್ಗದ ಕಡೆ ಯಾರಾದ್ರೂ ಮಾಡಿದ್ರೆ ಹೇಳಿ, ಬಂದು ನೋಡ್ತೀನಿ.